ಕೋಲ್ಟ್ರೇನ್ ಕೊಳ್ಳುವ ಮುನ್ನ ರಟ್ಟಿನ ಹಿಂಬದಿ ಓದಿ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಮ್ಮ ಹೆಸರಿನಲ್ಲಿ ಮೊದಲ ಆಲ್ಬಂ ಧ್ವನಿಮುದ್ರಿಸಿದ್ದು 1957ರಲ್ಲಿ. ತೀರಿಕೊಂಡದ್ದು 1967ರ ಜುಲೈನಲ್ಲಿ. ನಡುವೆ ಸಿಕ್ಕಿದ್ದು ಹತ್ತೇ ವರ್ಷ, ಆದರೆ ಆಲ್ಬಂಗಳು ಎಣಿಸಿ ಮುಗಿಯುವುದಿಲ್ಲ. ಆ ಹತ್ತು ವರ್ಷಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಅವರ ನುಡಿಸಾಣಿಕೆ ಬೇರೆಯೇ ಆಗುತ್ತಿತ್ತು. ‘ಒಂದು ಕೊಂಡು ಕೇಳಿದೆ, ಹಿಡಿಸಲಿಲ್ಲ’ ಎನ್ನುವವರ ಕೈಗೆ ಸಾಮಾನ್ಯವಾಗಿ ಅವರಿಗೆ ಒಗ್ಗದ ವರ್ಷ ಸಿಕ್ಕಿರುತ್ತದೆ, ಅಷ್ಟೆ.

ಆದ್ದರಿಂದ ಆಲ್ಬಂ ಹೊದಿಕೆಯ ರಟ್ಟಿನ ಹಿಂಬದಿಯಲ್ಲಿ ನೋಡಬೇಕಾದದ್ದು ಬಿಡುಗಡೆಯ ವರ್ಷವನ್ನಲ್ಲ, ಧ್ವನಿಮುದ್ರಣದ ದಿನಾಂಕವನ್ನು. 1958ರ ಕೊನೆಯವರೆಗೆ ಕೋಲ್ಟ್ರೇನ್ ಪ್ರೆಸ್ಟೀಜ್ ಎಂಬ ರೆಕಾರ್ಡ್ ಕಂಪನಿಗೆ ನುಡಿಸುತ್ತಿದ್ದರು. ಅವರು ಬಿಟ್ಟುಹೋದ ಮೇಲೂ ಕಂಪನಿಯ ಕಪಾಟಿನಲ್ಲಿ ಟೇಪುಗಳು ರಾಶಿ ಉಳಿದಿದ್ದವು. ಅವರ ಹೆಸರು ಏರಿದಂತೆಲ್ಲ ಒಂದೊಂದೇ ಹೊರಗೆ ಬಂತು: ‘ಸ್ಟಾರ್‌ಡಸ್ಟ್’ 1963, ‘ಬ್ಲ್ಯಾಕ್ ಪರ್ಲ್ಸ್’ 1964, ‘ಬಹಿಯಾ’ 1965. ‘ಎ ಲವ್ ಸುಪ್ರೀಮ್’ ಬಂದದ್ದೂ 1965ರಲ್ಲೇ. ಎರಡೂ ಒಂದೇ ವರ್ಷದವು ಎಂದು ‘ಬಹಿಯಾ’ ಕೊಂಡರೆ ಮನೆಗೆ ಬರುವುದು 1958ರ ಕೋಲ್ಟ್ರೇನ್. ಸಂಗೀತ ಕೆಟ್ಟದ್ದೇನಲ್ಲ, ನೀವು ಹುಡುಕುತ್ತಿದ್ದ ಮನುಷ್ಯ ಮಾತ್ರ ಅಲ್ಲಿಲ್ಲ. ಅಟ್ಲಾಂಟಿಕ್ ಕಂಪನಿಯದೂ ಇದೇ ಕಥೆ. 1960ರ ಅಕ್ಟೋಬರಿನ ಕೆಲವೇ ದಿನಗಳ ಕೆಲಸವನ್ನು ಅದು 1961, 1962 ಮತ್ತು 1964ರಲ್ಲಿ ಮೂರು ಆಲ್ಬಂ ಮಾಡಿ ಮಾರಿತು.

ಆ ಮೂರರಲ್ಲಿ ಮೊದಲನೆಯದಾದ ‘ಮೈ ಫೇವರಿಟ್ ಥಿಂಗ್ಸ್’ ನಮ್ಮ ಕಿವಿಗೆ ಒಳ್ಳೆಯ ಬಾಗಿಲು. ಶೀರ್ಷಿಕೆ ಗೀತೆ ಹದಿಮೂರು ನಿಮಿಷ ದಾಟುತ್ತದೆ. ಹಾಡು ರಂಗನಾಟಕದ್ದು, ಎಲ್ಲರ ಬಾಯಲ್ಲಿದ್ದದ್ದು. ಆದರೆ ಇಲ್ಲಿ ಕಾರ್ಡುಗಳು (chords, ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಓಡಾಡುವುದಿಲ್ಲ. ಮೆಕಾಯ್ ಟೈನರ್ ಪಿಯಾನೋದಲ್ಲಿ ಒಂದೇ ನಡೆಯನ್ನು ಹಿಡಿದು ಕೂತರೆ, ಅದರ ಮೇಲೆ ಕೋಲ್ಟ್ರೇನರ ಏರುದನಿಯ ಸೊಪ್ರಾನೊ ಸ್ಯಾಕ್ಸೊಫೋನ್ ಸ್ವರ ವಿಸ್ತಾರಕ್ಕೆ ಇಳಿಯುತ್ತದೆ. ಆಲಾಪನೆ ಕೇಳಿ ಅಭ್ಯಾಸವಿದ್ದವರಿಗೆ ಈ ನಿಧಾನದ ಬೆಳವಣಿಗೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಒಂದು ಮಾತು: ಅವರದು ಆಲ್ಟೊ, ಕೋಲ್ಟ್ರೇನರ ಮುಖ್ಯ ವಾದ್ಯ ಅದಕ್ಕಿಂತ ತಗ್ಗಿನ ಟೆನರ್. ಗಮಕವನ್ನು ನಿರೀಕ್ಷಿಸಬೇಡಿ.

ಕೊಳ್ಳಬೇಕಾದ ಎರಡನೆಯದು ಬ್ಲೂ ನೋಟ್ ಕಂಪನಿಯ ‘ಬ್ಲೂ ಟ್ರೇನ್’, ಧ್ವನಿಮುದ್ರಣ 1957ರ ಸೆಪ್ಟೆಂಬರ್. ಟ್ರಂಪೆಟ್, ಟ್ರೊಂಬೋನ್, ಟೆನರ್ ಮೂರೂ ಸೇರಿ ಪಲ್ಲವಿ ಹೇಳುತ್ತವೆ, ಆಮೇಲೆ ಸರದಿಯಂತೆ ಒಬ್ಬೊಬ್ಬರೂ ನುಡಿಸುತ್ತಾರೆ. ಜಾಝ್‌ನ ಸಾಮಾನ್ಯ ಕಟ್ಟುಪಾಡು ಗೊತ್ತಾಗಲು ಇದಕ್ಕಿಂತ ಸುಲಭದ ಪಾಠ ಇವರಲ್ಲಿ ಸಿಗದು. ಮೂರನೆಯದು ‘ಎ ಲವ್ ಸುಪ್ರೀಮ್’: 1964ರ ಡಿಸೆಂಬರ್ 9, ನಾಲ್ಕು ಭಾಗ, ಸುಮಾರು 33 ನಿಮಿಷ. ಎಲ್ಲ ಪಟ್ಟಿಗಳೂ ಇದನ್ನೇ ಮೊದಲು ಹೇಳುತ್ತವೆ. ಡ್ರಮ್ಸ್‌ನ ಎಲ್ವಿನ್ ಜೋನ್ಸ್ ಕಿವಿಗೆ ಸ್ವಲ್ಪ ಪರಿಚಯವಾದ ಮೇಲೆ ಕೇಳಿದರೆ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ಲೆಕ್ಕ.

‘ಜೈಂಟ್ ಸ್ಟೆಪ್ಸ್’ ನಾಲ್ಕನೆಯದು, ಅದೂ ಎಚ್ಚರಿಕೆಯಿಂದ. ಶೀರ್ಷಿಕೆ ಗೀತೆಯಲ್ಲಿ ಶ್ರುತಿಯ ನೆಲೆಯೇ ಮೂರು ಕಡೆ ಜಿಗಿಯುತ್ತದೆ, ಅದೂ ಸಿಡಿಲಿನ ವೇಗದಲ್ಲಿ. ಪಿಯಾನೋದ ಟಾಮಿ ಫ್ಲಾನಗನ್‌ರಂಥ ನುರಿತವರೇ ತಮ್ಮ ಸರದಿಯಲ್ಲಿ ತಡವರಿಸುವುದು ಕೇಳಿಸುತ್ತದೆ. ಮೊದಲ ಸಲ ಕೇಳುವವರು ಆರನೆಯ ಟ್ರ್ಯಾಕ್ ‘ನಾಯಿಮಾ’ದಿಂದ ಶುರುಮಾಡಲಿ. ಅದು ಏಳು ತಿಂಗಳ ನಂತರ ಬೇರೆ ಪಿಯಾನೋ, ಬೇರೆ ಡ್ರಮ್ಸ್ ಜೊತೆ ಧ್ವನಿಮುದ್ರಣವಾದದ್ದು. ಸಿಡಿ ಕೊಂಡಿದ್ದರೆ ಏಳನೆಯ ಟ್ರ್ಯಾಕಿಗೆ ನಿಲ್ಲಿಸಿ. ಮುಂದಿರುವುದು ಅವೇ ಹಾಡುಗಳ ಬೇರೆ ಟೇಕುಗಳು (ಮತ್ತೊಮ್ಮೆ ನುಡಿಸಿ ಮುದ್ರಿಸಿದವು), ಅಭ್ಯಾಸಿಗಳಿಗೆ ಬೇಕಾದವು.

ಮನೆಮಂದಿ ಕೂತು ಕೇಳಲು ‘ಬ್ಯಾಲಡ್ಸ್’, ಇಲ್ಲವೇ ಗಾಯಕ ಜಾನಿ ಹಾರ್ಟ್‌ಮನ್ ಜೊತೆಗಿನ 1963ರ ಆಲ್ಬಂ. ಎರಡೂ ಮಧುರ. ಉಳಿದದ್ದೆಲ್ಲ ಹೀಗೇ ಇರುತ್ತದೆಂದು ಮಾತ್ರ ಅಂದುಕೊಳ್ಳಬಾರದು.

‘ಇಂಡಿಯಾ’ ಎಂಬ ಹೆಸರು ಕೇಳಿ ಹುಡುಕುವವರು ಎಡವುವ ಜಾಗ ಒಂದಿದೆ. ಅದನ್ನು ನುಡಿಸಿದ್ದು 1961ರ ನವೆಂಬರಿನಲ್ಲಿ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ. ಆದರೆ ಅದೇ ಕ್ಲಬ್ಬಿನ ಹೆಸರು ಹೊತ್ತು 1962ರಲ್ಲಿ ಬಂದ ಆಲ್ಬಂನಲ್ಲಿ ಅದಿಲ್ಲ, 1963ರ ‘ಇಂಪ್ರೆಷನ್ಸ್’ನಲ್ಲಿದೆ. ಎರಡು ಬಾಸ್‌ಗಳು (ತಗ್ಗುದನಿಯ ದೊಡ್ಡ ತಂತಿವಾದ್ಯಗಳು) ಕೆಳಗೆ ಶ್ರುತಿ ಹಿಡಿದು ನಿಲ್ಲುತ್ತವೆ, ಎರಿಕ್ ಡಾಲ್ಫಿ ಬಾಸ್ ಕ್ಲಾರಿನೆಟ್ ನುಡಿಸುತ್ತಾರೆ. ಹಾಗೆಯೇ, ಕೋಲ್ಟ್ರೇನ್ ಹೆಸರಿನಡಿ ಹುಡುಕಿದರೆ ಅವರು ನುಡಿಸಿದ ಎರಡು ಅತ್ಯುತ್ತಮ ಆಲ್ಬಂಗಳು ತಪ್ಪಿಹೋಗುತ್ತವೆ. 1959ರ ‘ಕೈಂಡ್ ಆಫ್ ಬ್ಲೂ’ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹೆಸರಿನಲ್ಲಿದೆ. 1957ರ ಕಾರ್ನೆಗಿ ಹಾಲ್ ಕಛೇರಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಹೆಸರಿನಲ್ಲಿದೆ; ಅದರ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪತ್ತೆಯಾಗಿ ಆಲ್ಬಂ ಆದದ್ದು 2005ರಲ್ಲಿ.

ಎಲ್‌ಪಿ ಕೊಳ್ಳುವವರು ಗಮನಿಸಿ: 1963ಕ್ಕಿಂತ ಮೊದಲು ಪ್ರಕಟವಾದ ಧ್ವನಿಮುದ್ರಣಗಳಿಗೆ ಯುರೋಪಿನಲ್ಲಿ ಹಕ್ಕಿನ ರಕ್ಷಣೆ ಮುಗಿದಿದೆ. ಹಾಗಾಗಿ ‘ಬ್ಲೂ ಟ್ರೇನ್’, ‘ಜೈಂಟ್ ಸ್ಟೆಪ್ಸ್’ ಅನ್ನು ಅಲ್ಲಿ ಯಾರು ಬೇಕಾದರೂ ಅಚ್ಚುಹಾಕಬಹುದು. ಇಂಥವುಗಳಲ್ಲಿ ಸಿಡಿಯಿಂದಲೇ ಎಲ್‌ಪಿಗೆ ಇಳಿಸಿದ್ದೂ ಇರುತ್ತದೆ. ಯಾವ ಟೇಪಿನಿಂದ, ಯಾರು ಮಾಸ್ಟರಿಂಗ್ (ಅಚ್ಚಿಗೆ ಮುನ್ನ ಧ್ವನಿಯನ್ನು ಹದಗೊಳಿಸುವುದು) ಮಾಡಿದರು ಎಂದು ರಟ್ಟಿನ ಮೇಲೆ ಬರೆದಿಲ್ಲವಾದರೆ ಆ ದುಡ್ಡಿಗೆ ಮೂಲ ಕಂಪನಿಯ ಸಿಡಿಯೇ ವಾಸಿ. ಡಬ್ಬಿ ಸೆಟ್ಟುಗಳ ಆತುರವೂ ಬೇಡ. ಪ್ರೆಸ್ಟೀಜ್‌ನ 16 ಸಿಡಿಗಳ ಸೆಟ್ಟು ಧ್ವನಿಮುದ್ರಣದ ಕ್ರಮದಲ್ಲಿ ಸಾಗುತ್ತದೆ, ಆಲ್ಬಂಗಳು ಅದರಲ್ಲಿ ಚೂರುಚೂರಾಗಿವೆ.

1965ರ ಜೂನ್ ಕೊನೆಯಿಂದ ಮುಂದಿನದನ್ನು ಕೊನೆಗೆ ಇಟ್ಟುಕೊಳ್ಳಿ. ‘ಅಸೆನ್ಷನ್’ನಲ್ಲಿ ಹನ್ನೊಂದು ಜನ ಸುಮಾರು ನಲವತ್ತು ನಿಮಿಷ ನುಡಿಸುತ್ತಾರೆ, ಪಲ್ಲವಿ ಹಿಡಿದು ಕೇಳುವವರಿಗೆ ಅಲ್ಲಿ ಕಾಲೂರಲು ನೆಲವಿಲ್ಲ. ಅದರ ಟೇಕುಗಳು ಎರಡು. ಮೊದಲ ಅಚ್ಚಿನಲ್ಲಿದ್ದದ್ದನ್ನು ಬಿಟ್ಟು, ಮುಂದಿನ ಅಚ್ಚುಗಳಿಗೆ ಕೋಲ್ಟ್ರೇನ್ ಇನ್ನೊಂದನ್ನು ಹಾಕಿಸಿದರು. ರಟ್ಟು ಬದಲಾಗಲಿಲ್ಲ. ಹಳೆಯ ಎಲ್‌ಪಿ ಸಿಕ್ಕರೆ ಲೇಬಲ್ಲಿನ ಸುತ್ತಲಿನ ಖಾಲಿ ಅಂಚನ್ನು ಬೆಳಕಿಗೆ ಹಿಡಿಯಿರಿ. ‘ಎಡಿಷನ್ 2’ ಎಂದು ಗೀಚಿದ್ದರೆ ಅದು ಎರಡನೆಯದು. ಎರಡೂ ಬೇಕೆಂದರೆ, ಎರಡು ಎಡಿಷನ್‌ಗಳನ್ನೂ ಸೇರಿಸಿದ ಸಿಡಿ ಇದೆ.