ಪ್ಯಾಕ್ಸ್-6: ಅರ್ಧ ಪ್ರಮಾಣ ಸಾಲದಾದಾಗ

ಬೆಳಕು ಬಿದ್ದರೆ ಮಗು ಕಣ್ಣು ಕಿರಿದು ಮಾಡುತ್ತದೆ, ಕಣ್ಣುಗುಡ್ಡೆ ಸದಾ ಅತ್ತಿತ್ತ ಅದುರುತ್ತದೆ, ಪಾಪೆಯ ಸುತ್ತ ಇರಬೇಕಾದ ಬಣ್ಣದ ಪರದೆ, ಅಂದರೆ ಐರಿಸ್, ಬಹುಪಾಲು ಕಾಣುವುದೇ ಇಲ್ಲ. ಇದು ಅನಿರಿಡಿಯಾ, 40,000ದಿಂದ 1,00,000 ಮಂದಿಗೆ ಒಬ್ಬರಲ್ಲಿ ಕಾಣುತ್ತದೆ. ಹೆಚ್ಚಿನವರಲ್ಲಿ ಕಾರಣ 11ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿರುವ ಪ್ಯಾಕ್ಸ್-6 ಜೀನ್ ಕೆಟ್ಟಿರುವುದು.

ಈ ಜೀನ್ ಕೊಡುವ ಪ್ರೋಟೀನಿನಲ್ಲಿ 422 ಅಮೈನೋ ಆಮ್ಲಗಳಿವೆ. ಡಿಎನ್‌ಎಗೆ ಅಂಟಿಕೊಂಡು ಬೇರೆ ಜೀನ್‌ಗಳನ್ನು ಚಾಲೂ ಮಾಡುವುದು, ನಿಲ್ಲಿಸುವುದು ಅದರ ಕೆಲಸ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಜೀವವಿಜ್ಞಾನಿ ವಾಲ್ಟರ್ ಗೆರಿಂಗ್ ಅವರ ತಂಡ ಇಲಿಯ ಪ್ಯಾಕ್ಸ್-6 ಅನ್ನು ಹಣ್ಣುನೊಣದ ಕಾಲು, ರೆಕ್ಕೆಗಳಲ್ಲಿ ಚಾಲೂ ಮಾಡಿದಾಗ ಅಲ್ಲಿ ಕಣ್ಣುಗಳು ಮೂಡಿದವು. ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ್ದೇ. ಪ್ಯಾಕ್ಸ್-6 ಆದೇಶ ಕೊಡುತ್ತದೆ, ಕಟ್ಟುವುದು ಆಯಾ ಜೀವಿಯ ಜೀನ್‌ಗಳೇ.

ಆದೇಶದ ಪ್ರಮಾಣ ಇಲ್ಲಿ ಬಹಳ ಮುಖ್ಯ. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಪ್ರೋಟೀನ್ ಅರ್ಧಕ್ಕಿಳಿಯುತ್ತದೆ, ಕಣ್ಣಿಗೆ ಅದು ಸಾಲದು. ಎರಡೂ ಕೆಟ್ಟರೆ ಕಣ್ಣೇ ರೂಪುಗೊಳ್ಳುವುದಿಲ್ಲ, ಮೆದುಳಿನ ರಚನೆಯೂ ತೀವ್ರವಾಗಿ ಕೆಡುತ್ತದೆ. ಪ್ರೋಟೀನ್ ಪೂರ್ತಿಯಾಗುವ ಮುಂಚೆಯೇ 'ನಿಲ್ಲು' ಎನ್ನುವ ಬದಲಾವಣೆಯಾದರೆ ಸಾಮಾನ್ಯವಾಗಿ ಪೂರ್ಣ ಅನಿರಿಡಿಯಾ. ಒಂದೇ ಅಮೈನೋ ಆಮ್ಲ ಬದಲಾದರೆ ಕೆಲವೊಮ್ಮೆ ಐರಿಸ್ ಹೆಚ್ಚುಕಡಿಮೆ ಸರಿಯಿದ್ದು, ರೆಟಿನಾದ ನಡುಭಾಗವಾದ ಫೋವಿಯಾ ಮಾತ್ರ ಬೆಳೆದಿರುವುದಿಲ್ಲ.

ಇಂಥ ಮಗುವಿನಲ್ಲಿ ಮೊದಲು ನೋಡಬೇಕಾದದ್ದು ಕಿಡ್ನಿ. ಪ್ಯಾಕ್ಸ್-6ರಿಂದ ಡಿಎನ್‌ಎಯ ಸುಮಾರು 7 ಲಕ್ಷ ಅಕ್ಷರಗಳ ದೂರದಲ್ಲೇ ಡಬ್ಲ್ಯುಟಿ-1 ಜೀನ್ ಇದೆ. ವರ್ಣತಂತುವಿನ ತುಂಡು ಉದುರಿ ಈ ಎರಡೂ ಜೀನ್‌ಗಳು ಹೋಗಿದ್ದರೆ ಮಗುವಿಗೆ ವಿಲ್ಮ್ಸ್ ಗಡ್ಡೆ, ಅಂದರೆ ಕಿಡ್ನಿಯ ಕ್ಯಾನ್ಸರ್, ಬರುವ ಸಾಧ್ಯತೆ ತೀರಾ ಹೆಚ್ಚು. ಮನೆಯಲ್ಲಿ ಬೇರಾರಿಗೂ ತೊಂದರೆ ಇಲ್ಲದಿದ್ದರಂತೂ ಜೀನ್ ಪರೀಕ್ಷೆಯ ವರದಿ ಬರುವವರೆಗೆ ಕಾಯದೆ ಹೊಟ್ಟೆಯ ಅಲ್ಟ್ರಾಸೌಂಡ್ ಶುರು ಮಾಡಬೇಕು. ಡಬ್ಲ್ಯುಟಿ-1 ಹೋಗಿರುವುದು ಖಚಿತವಾದರೆ 3 ತಿಂಗಳಿಗೊಮ್ಮೆ, ಸುಮಾರು 8 ವರ್ಷ ತುಂಬುವವರೆಗೆ. ಅದು ಉಳಿದಿದೆಯೆಂದು ಗೊತ್ತಾದರೆ ನಿಲ್ಲಿಸಬಹುದು.

ಪರೀಕ್ಷೆಯಲ್ಲಿ ಎಡವುವುದು ಹೀಗೆ: ಎಕ್ಸೋಮ್, ಅಂದರೆ ಜೀನ್‌ಗಳ ಪ್ರೋಟೀನ್ ಕೊಡುವ ಭಾಗಗಳನ್ನಷ್ಟೇ ಓದುವ ಪರೀಕ್ಷೆ, ಮಾಡಿಸುತ್ತಾರೆ, ಏನೂ ಸಿಗದಿದ್ದರೆ ಅಲ್ಲಿಗೇ ಬಿಡುತ್ತಾರೆ. ತುಂಡು ಉದುರಿರುವುದು ಎಕ್ಸೋಮ್‌ನಲ್ಲಿ ತಪ್ಪಿಹೋಗಬಹುದು. ಪ್ಯಾಕ್ಸ್-6 ಅನ್ನು ಚಾಲೂ ಮಾಡುವ ಸ್ವಿಚ್‌ಗಳು ಪಕ್ಕದ ಇಎಲ್‌ಪಿ-4 ಜೀನ್‌ನೊಳಗೆ ಕೂತಿವೆ. ಅವು ಹೋದರೆ ಪ್ಯಾಕ್ಸ್-6ರ ಅಕ್ಷರಗಳೆಲ್ಲ ಸರಿಯಿದ್ದೂ ಅನಿರಿಡಿಯಾ ಬರುತ್ತದೆ. ಆದ್ದರಿಂದ ತುಂಡು ಉದುರಿದ್ದನ್ನು ಹುಡುಕುವ ಮೈಕ್ರೋಅರೇ ಅಥವಾ ಎಂಎಲ್‌ಪಿಎ ಪರೀಕ್ಷೆ ಜೊತೆಗಿರಲೇಬೇಕು.

'ಸಂಬಂಧದಲ್ಲೇ ಮದುವೆಯಾದದ್ದಕ್ಕೆ ಹೀಗಾಯಿತೇ?' ಎಂದು ತಂದೆತಾಯಿ ಕೇಳುತ್ತಾರೆ. ಇಲ್ಲ. ಇಲ್ಲಿ ಒಂದೇ ಪ್ರತಿ ಕೆಟ್ಟರೆ ಸಾಕು, ಆ ಮದುವೆಗೂ ಇದಕ್ಕೂ ನಂಟಿಲ್ಲ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಬಸಿರಿನಲ್ಲೂ 50% ಸಾಧ್ಯತೆ. ಇಬ್ಬರ ಕಣ್ಣನ್ನೂ ಸ್ಲಿಟ್‌ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡದೆ 'ಇದು ಹೊಸದಾಗಿ ಬಂದದ್ದು' ಎನ್ನಬಾರದು. ಸೌಮ್ಯ ರೂಪ ಯಾರ ಗಮನಕ್ಕೂ ಬಾರದೆ ಇರಬಹುದು.

ದೃಷ್ಟಿ ಕಡಿಮೆಯಾಗಲು ಮುಖ್ಯ ಕಾರಣ ಫೋವಿಯಾ ಬೆಳೆಯದಿರುವುದು. ಹಾಗಾಗಿ ಕೃತಕ ಐರಿಸ್ ಕೂರಿಸಿದರೆ ಎಲ್ಲ ಸರಿಹೋಗುತ್ತದೆಂಬ ಭರವಸೆ ಕೊಡುವುದು ತಪ್ಪು. ಈ ಕಣ್ಣುಗಳಲ್ಲಿ ಪ್ರತಿ ಶಸ್ತ್ರಚಿಕಿತ್ಸೆಯೂ ಒಳಗೆ ನಾರಿನ ಪೊರೆ ಬೆಳೆಯುವ ಅಪಾಯ ತರುತ್ತದೆ. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರ ಕೆಡುವ ಕಾಯಿಲೆ, ಯಾವ ವಯಸ್ಸಿನಲ್ಲೂ ಬರಬಹುದು, ಕಣ್ಣಿನ ಒತ್ತಡದ ತಪಾಸಣೆ ಜೀವನಪೂರ್ತಿ ಬೇಕು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ದಪ್ಪವಾಗಿರುವುದರಿಂದ ಒತ್ತಡ ನಿಜಕ್ಕಿಂತ ಹೆಚ್ಚು ತೋರುತ್ತದೆ, ದಪ್ಪವನ್ನೂ ಅಳೆಯಿರಿ. ಕಾರ್ನಿಯಾದ ಮೇಲ್ಪದರವನ್ನು ಹೊಸದಾಗಿಸುವ ಅಂಚಿನ ಕಾಂಡಕೋಶಗಳು ದುರ್ಬಲವಾದ್ದರಿಂದ ಸಂರಕ್ಷಕ ರಾಸಾಯನಿಕವಿಲ್ಲದ ಹನಿಗಳನ್ನೇ ಬಳಸಬೇಕು. ಕಾರ್ನಿಯಾ ಕಸಿ ಮಾತ್ರ ಮಾಡಿದರೆ ಅದೂ ಮತ್ತೆ ಮಸುಕಾಗುತ್ತದೆ.

ಶಾಲೆಯಲ್ಲಿ ಮಗುವನ್ನು ಮುಂದಿನ ಬೆಂಚಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಕು. ಬಣ್ಣದ ಕನ್ನಡಕ, ಅಂಚಿನ ಟೋಪಿ, ದೊಡ್ಡ ಅಕ್ಷರದ ಪುಸ್ತಕ ಬೇಕು. ಕನ್ನಡಕ ಹಾಕಿದ ಮೇಲೂ ಹೆಚ್ಚು ಚೆನ್ನಾಗಿ ಕಾಣುವ ಕಣ್ಣಿನ ದೃಷ್ಟಿ 6/60 ಇದ್ದರೆ, ಅಂದರೆ 60 ಮೀಟರ್‌ನಿಂದ ಕಾಣಬೇಕಾದದ್ದು 6 ಮೀಟರ್‌ನಿಂದಷ್ಟೇ ಕಂಡರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದು ಮಂದದೃಷ್ಟಿ. ಶಾಲೆಗೆ ಸೇರಿಸುವ ಮೊದಲೇ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಹಾಕಿ.