ರಿಜಿಸ್ಟರ್ ಈಗ, ಧಾರೆ ಡಿಸೆಂಬರಿನಲ್ಲಿ: ನಡುವೆ ನಾವು ಗಂಡ ಹೆಂಡತಿಯೇ?

ಪ್ರಶ್ನೆ: ನಮ್ಮದು ಉಡುಪಿ. ನಿಶ್ಚಿತಾರ್ಥ ಆಗಿದೆ, ಧಾರೆ ಡಿಸೆಂಬರಿನಲ್ಲಿ. ಹುಡುಗನಿಗೆ ದುಬೈಯಲ್ಲಿ ಕೆಲಸ. ಫ್ಯಾಮಿಲಿ ವೀಸಾಕ್ಕೆ ಮ್ಯಾರೇಜ್ ಸರ್ಟಿಫಿಕೇಟ್ ಬೇಕು, ಈ ರಜೆಯಲ್ಲೇ ರಿಜಿಸ್ಟರ್ ಮಾಡಿಸಿಬಿಡಿ ಎನ್ನುತ್ತಿದ್ದಾರೆ ಏಜೆಂಟ್. ಮಾಡಿಸಿದರೆ ಕಾನೂನಿನ ಪ್ರಕಾರ ನಮ್ಮ ಮದುವೆ ಆದಂತೆಯೇ?

ಉತ್ತರ: ಆಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಸೀಲು ಬಿದ್ದ ಸರ್ಟಿಫಿಕೇಟ್ ಕೈಯಲ್ಲಿದ್ದರೂ ಆಗುವುದಿಲ್ಲ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗುವುದು ಶಾಸ್ತ್ರದಿಂದ, ರಿಜಿಸ್ಟರಿನಿಂದ ಅಲ್ಲ. ವರ ಅಥವಾ ವಧು, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯಂತೆ ಶಾಸ್ತ್ರ ನಡೆದಿರಬೇಕು ಎನ್ನುತ್ತದೆ 7ನೇ ಸೆಕ್ಷನ್. 8ನೇ ಸೆಕ್ಷನ್ನಿನ ನೋಂದಣಿ, ಆಗಿಹೋದದ್ದನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ. ಮಗು ಹುಟ್ಟುವ ಮೊದಲೇ ಜನನ ಪ್ರಮಾಣಪತ್ರ ತೆಗೆದಿಟ್ಟರೆ ಮಗು ಬಂದಂತಾಯಿತೇ? ತಲೆಕೆಳಗು ಮಾಡಿದರೂ ಲೆಕ್ಕ ಅದೇ: ಶಾಸ್ತ್ರ ಸರಿಯಾಗಿ ನಡೆದು ರಿಜಿಸ್ಟರ್ ಮಾತ್ರ ಆಗಿಲ್ಲದಿದ್ದರೆ ಮದುವೆಗೆ ಬಾಧಕವಿಲ್ಲ. ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟು ಮಂದಿ ರಿಜಿಸ್ಟರ್ ಆಫೀಸಿನ ಮೆಟ್ಟಿಲು ಹತ್ತಿದ್ದಾರೆ?

ನಿಮ್ಮದೇ ಕಥೆ ಎನ್ನಬಹುದಾದ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಇಬ್ಬರು ಪೈಲಟ್‌ಗಳು 2021ರಲ್ಲಿ ಒಂದು ಸಂಸ್ಥೆಯಿಂದ ಮದುವೆಯ ಸರ್ಟಿಫಿಕೇಟ್ ಪಡೆದು, ಅದನ್ನೇ ತೋರಿಸಿ ನೋಂದಣಿ ಮಾಡಿಸಿಕೊಂಡರು. ಶಾಸ್ತ್ರಕ್ಕೆ 2022ರ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಮನಸ್ಸು ಮುರಿಯಿತು, ಕೇಸು, ವಿಚ್ಛೇದನದ ಅರ್ಜಿ ಎಲ್ಲ ಶುರುವಾಯಿತು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ, ಇಲ್ಲಿ ಮದುವೆಯೇ ನಡೆದಿಲ್ಲ, ಸರ್ಟಿಫಿಕೇಟಿಗೆ ಬೆಲೆಯಿಲ್ಲ ಎಂದು ಘೋಷಿಸಿತು. ವೀಸಾದಂಥ ಅನುಕೂಲಕ್ಕೆ ಮೊದಲು ನೋಂದಣಿ, ಆಮೇಲೆ ಮದುವೆ ಎನ್ನುವ ಚಾಳಿಯನ್ನು ಅದೇ ಆದೇಶದಲ್ಲಿ ಟೀಕಿಸಿತು ಕೂಡ.

ಇದರ ಬಿಸಿ ಹೆಚ್ಚು ತಟ್ಟುವುದು ಹುಡುಗಿಗೆ. ಹುಡುಗ ನಾಳೆ ಕೈಕೊಟ್ಟು ಬೇರೆ ಮದುವೆಯಾದ ಎನ್ನಿ. ದ್ವಿಪತ್ನಿತ್ವದ ದೂರು ನಿಲ್ಲುವುದಿಲ್ಲ, ಏಕೆಂದರೆ ಮೊದಲನೆಯದು ಮದುವೆಯೇ ಅಲ್ಲ. ಹೆಂಡತಿ ಎಂಬ ನೆಲೆಯಲ್ಲಿ ಆಸ್ತಿ ಕೇಳಲು ಹೊರಟರೂ ಎದುರಿನ ವಕೀಲರ ಮೊದಲ ಪ್ರಶ್ನೆ: ‘ಧಾರೆ ಎಲ್ಲಿ ಆಯಿತು?’ ಇನ್ನೊಂದು ಮಾತು. ನೋಂದಣಿ ಅರ್ಜಿಯಲ್ಲಿ ಮದುವೆ ನಡೆದ ದಿನ, ಸ್ಥಳ ಬರೆಯಬೇಕು. ನಡೆಯದ ಮದುವೆಗೆ ದಿನ ಬರೆದು ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆ. ಸಹಿ ನಿಮ್ಮದು, ಏಜೆಂಟರದ್ದಲ್ಲ.

ಶಾಸ್ತ್ರ ಎಂದರೆ ಸಪ್ತಪದಿಯೇ ಆಗಬೇಕೇ ಎಂದು ಕೇಳುವವರಿದ್ದಾರೆ. ಸಿನಿಮಾ ನೋಡಿ ಬಂದ ಗುಮಾನಿ ಇದು. ಯಾರ ರೂಢಿಯಲ್ಲಿ ಸಪ್ತಪದಿ ಇದೆಯೋ ಅವರಿಗೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ, ಅಷ್ಟೆ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರಲ್ಲಿ ಮದುವೆಯ ಜೀವ ಇರುವುದು ಧಾರೆಯಲ್ಲಿ. ಹುಡುಗನ ಕೈಯಲ್ಲಿ ಹುಡುಗಿಯ ಕೈಯಿಟ್ಟು, ಎರಡೂ ಕಡೆಯ ಹಿರಿಯರು ಗಿಂಡಿಯಿಂದ ನೀರು ಎರೆದರೆ ಆಯಿತು. ‘ಮದುವೆ ಎಷ್ಟು ಗಂಟೆಗೆ’ ಎನ್ನುವ ಬದಲು ‘ಧಾರೆ ಎಷ್ಟು ಗಂಟೆಗೆ’ ಎಂದು ನಾವು ಕೇಳುವುದು ಸುಮ್ಮನೆ ಅಲ್ಲ. ಕಾನೂನು ಗೌರವಿಸುವುದು ಈ ರೂಢಿಯನ್ನೇ.

ಉಳಿದ ಷರತ್ತು ಗೊತ್ತಿರುವಂಥವೇ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು. ಒಪ್ಪಿಗೆ ಕೊಡುವಷ್ಟು ಮನಸ್ಸು ಸ್ವಸ್ಥವಾಗಿರಬೇಕು. ಹತ್ತಿರದ ರಕ್ತಸಂಬಂಧ ನಿಷಿದ್ಧ. ಸೋದರಮಾವನ ಮಗ, ಮಗಳು ಆ ಪಟ್ಟಿಯಲ್ಲಿದ್ದರೂ ರೂಢಿ ಇದ್ದಲ್ಲಿ ಅಡ್ಡಿಯಿಲ್ಲ. ಒಂದೇ ಬಳಿಯವರು (ಬಳಿ ಎಂದರೆ ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲ) ಮದುವೆಯಾಗಬಾರದು ಎಂಬುದು ಮನೆಯ ಕಟ್ಟಳೆ. ಸಂಬಂಧ ನಿಷಿದ್ಧದ ಮಿತಿಯೊಳಗೆ ಬಾರದಿದ್ದರೆ ಬಳಿ ಯಾವುದೆಂದು ಕಾಯ್ದೆ ಕೇಳುವುದಿಲ್ಲ.

ಸಹಿಯಿಂದಲೇ ಮದುವೆ ಆಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದು ಬೇರೆ ಜಾತಿ, ಬೇರೆ ಧರ್ಮದವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರು ಹಿಂದಿನ 30 ದಿನ ವಾಸವಿದ್ದರೆ ಸಾಕು, ನೀವು ಹೇಗೂ ಉಡುಪಿಯಲ್ಲೇ ಇದ್ದೀರಿ. ನೋಟಿಸ್ ಪ್ರಕಟವಾದ ಮೇಲೆ 30 ದಿನ ಆಕ್ಷೇಪಕ್ಕೆ ಕಾಯಬೇಕು. ಬಳಿಕ ಮೂವರು ಸಾಕ್ಷಿಗಳೊಂದಿಗೆ ವಿವಾಹಾಧಿಕಾರಿಯ ಎದುರು ಪರಸ್ಪರ ಒಪ್ಪಿದರೆ ಮದುವೆ ಮುಗಿಯಿತು, ಧಾರೆ ಬೇಕಿಲ್ಲ. ತೊಡಕು ರಜೆಯದ್ದು. ಗಲ್ಫಿನಿಂದ ಒಂದು ತಿಂಗಳಿಗೆ ಬಂದವನ ರಜೆ ನೋಟಿಸ್ ಬೋರ್ಡಿನ ಎದುರೇ ಕರಗಿಹೋಗುತ್ತದೆ. ಹುಡುಗ ನಿಮ್ಮ ಸೋದರಮಾವನ ಮಗನಾಗಿದ್ದರಂತೂ ಈ ದಾರಿ ಹಿಡಿಯುವ ಮೊದಲು ವಕೀಲರನ್ನು ಕಾಣಿ. ಇಲ್ಲಿ ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ರೂಢಿಗಷ್ಟೇ ವಿನಾಯಿತಿ.

ನನ್ನ ಸಲಹೆ ಸರಳ. ಈ ರಜೆಯಲ್ಲೇ ಮನೆಯಲ್ಲೋ ಊರಿನ ದೇವಸ್ಥಾನದಲ್ಲೋ ಹತ್ತಿಪ್ಪತ್ತು ಜನರ ಎದುರು ನಿಜವಾದ ಧಾರೆ ಮುಗಿಸಿ, ಅದೇ ದಿನಾಂಕ ಹಾಕಿ ನೋಂದಣಿ ಮಾಡಿಸಿ. ಡಿಸೆಂಬರಿನ ಹಾಲ್ ಔತಣಕ್ಕೆ ಇರಲಿ. ಶುಭಕಾರ್ಯಕ್ಕೆ ಆಗದು ಎನ್ನುವ ತುಳುವರ ಆಟಿ ತಿಂಗಳು ಬಂತು ಎಂದು ಹಿರಿಯರು ಮುಖ ಸಿಂಡರಿಸಿದರೆ ಅವರನ್ನು ಒಪ್ಪಿಸುವುದು ನಿಮ್ಮ ಪಾಲಿನ ಕೆಲಸ. ಕಾಯ್ದೆಗೆ ಆಟಿಯೂ ಇಲ್ಲ, ಮುಹೂರ್ತವೂ ಇಲ್ಲ. ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಫೋಟೋಗ್ರಾಫರಿಗೆ ಮೊದಲೇ ಹೇಳಿಡಿ: ಗಿಂಡಿಯಿಂದ ನೀರು ಬೀಳುವ ಗಳಿಗೆಯ ಒಂದು ಫೋಟೋ, ಯಾವ ಮಾವನ ಬೆನ್ನೂ ಅಡ್ಡ ಬಾರದ ಹಾಗೆ.