ಒಲಿಗಾರ್ಕಿ: ‘ಕೆಲವರ ಆಳ್ವಿಕೆ’ ಅಂದರೆ ಸಾಲದು

2022ರಲ್ಲಿ ಯುಕ್ರೇನ್ ಮೇಲೆ ರಷ್ಯಾ ಯುದ್ಧ ಹೂಡಿದ ಮೇಲೆ ‘ಒಲಿಗಾರ್ಕ್’ ಎಂಬ ಪದ ಸುದ್ದಿಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ಯುರೋಪಿನ ಬಂದರುಗಳಲ್ಲಿ ರಷ್ಯಾದ ಒಲಿಗಾರ್ಕ್‌ಗಳ ಐಷಾರಾಮಿ ಹಡಗುಗಳನ್ನು ಮುಟ್ಟುಗೋಲು ಹಾಕಿಕೊಂಡರು. ಹಾಗಾಗಿ ಒಲಿಗಾರ್ಕ್ ಅಂದರೆ ತುಂಬಾ ದುಡ್ಡಿರುವವನು ಎಂದು ಎಷ್ಟೋ ಜನ ತಿಳಿದಿದ್ದಾರೆ. ಬರೀ ದುಡ್ಡಿದ್ದರೆ ಸಾಲದು.

ಪದ ಗ್ರೀಕ್ ಭಾಷೆಯದು. ‘ಒಲಿಗೊಸ್’ ಅಂದರೆ ಕೆಲವೇ, ‘ಆರ್ಖೆ’ ಅಂದರೆ ಆಳ್ವಿಕೆ. ಕನ್ನಡದಲ್ಲಿ ‘ಅಲ್ಪಜನ ಪ್ರಭುತ್ವ’ ಎಂದು ಬರೆಯುವುದುಂಟು. ಪದಕ್ಕೆ ಪದ ಇಟ್ಟು ನೋಡಿದರೆ ಸರಿಯೇ. ಆದರೆ ಓದಿದವರಿಗೆ ಅದರಲ್ಲಿ ದುಡ್ಡಿನ ಸುಳಿವೇ ಸಿಗುವುದಿಲ್ಲ. ‘ಉಳ್ಳವರ ಆಳ್ವಿಕೆ’ ಅಂದರೆ ಅರ್ಥ ತಟ್ಟನೆ ಹೊಳೆಯುತ್ತದೆ, ಅಲ್ವಾ?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೂಡ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಈ ಪ್ರಶ್ನೆ ಎತ್ತಿದ್ದ. ಒಂದು ನಗರದಲ್ಲಿ ಶ್ರೀಮಂತರೇ ಜಾಸ್ತಿ ಇದ್ದು, ಅವರೇ ಆಳಿದರೆ ಅದನ್ನು ಏನನ್ನಬೇಕು? ಸಂಪತ್ತಿನ ಬಲದಿಂದ ಆಳಿದರೆ, ಆಳುವವರು ಕೆಲವರಿರಲಿ, ಹಲವರಿರಲಿ, ಅದು ಒಲಿಗಾರ್ಕಿ ಎಂದ. ಎಲ್ಲ ಕಡೆಯೂ ಶ್ರೀಮಂತರು ಕಡಿಮೆ ಇರುತ್ತಾರೆ, ಅದಕ್ಕೇ ‘ಕೆಲವರು’ ಎಂಬ ಹೆಸರು ಅಂಟಿಕೊಂಡಿತು, ಅಷ್ಟೆ.

ಅವನು ಕೊಡುವ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಒಲಿಗಾರ್ಕಿ ಇದ್ದ ನಗರಗಳಲ್ಲಿ ನ್ಯಾಯಸಭೆಗೆ ಬರದ ಶ್ರೀಮಂತರಿಗೆ ದಂಡ ಹಾಕುತ್ತಿದ್ದರು. ಬಡವರು ಬರದಿದ್ದರೆ ದಂಡವಿಲ್ಲ, ಬಂದರೆ ಭತ್ಯೆಯೂ ಇಲ್ಲ. ಮೇಲ್ನೋಟಕ್ಕೆ ಬಡವರಿಗೆ ರಿಯಾಯಿತಿ ಕೊಟ್ಟಂತೆ ಕಾಣುತ್ತದೆ. ಆದರೆ ದಿನದ ಕೂಲಿ ಬಿಟ್ಟು ಸಭೆಗೆ ಯಾರು ಬರುತ್ತಾರೆ? ಬಾಗಿಲು ತೆರೆದೇ ಇರುತ್ತದೆ, ಒಳಗೆ ಕೂತವರು ಮಾತ್ರ ಉಳ್ಳವರು. ಪ್ರಜಾಪ್ರಭುತ್ವ ಇದ್ದ ಕಡೆ ಬಡವರಿಗೆ ಭತ್ಯೆ ಕೊಟ್ಟು ಕರೆಯುತ್ತಿದ್ದರು.

ನಮ್ಮ ಕಾಲದಲ್ಲಿ ಈ ಪದಕ್ಕೆ ಜೀವ ಬಂದದ್ದು ರಷ್ಯಾದಲ್ಲಿ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು. 1995ರ ಹೊತ್ತಿಗೆ ಸರ್ಕಾರದ ಕೈ ಬರಿದಾಗಿತ್ತು, ಚುನಾವಣೆ ಹತ್ತಿರ ಬಂದಿತ್ತು. ಆಗ ವ್ಲಾದಿಮಿರ್ ಪೊಟಾನಿನ್ ಎಂಬ ಬ್ಯಾಂಕರ್ ಒಂದು ಉಪಾಯ ಮುಂದಿಟ್ಟ. ಬ್ಯಾಂಕುಗಳು ಸರ್ಕಾರಕ್ಕೆ ಸಾಲ ಕೊಡುವುದು, ಸರ್ಕಾರ ತನ್ನ ತೈಲ ಮತ್ತು ಗಣಿ ಕಂಪನಿಗಳ ಷೇರುಗಳನ್ನು ಅಡ ಇಡುವುದು. ನಾವು ಒಡವೆ ಅಡ ಇಡುತ್ತೇವಲ್ಲ, ಹಾಗೇ. ಸಾಲ ತೀರಲಿಲ್ಲ, ಷೇರುಗಳು ಹರಾಜಾಗಿ ಕೈಬಿಟ್ಟುಹೋದವು. ಹರಾಜು ನಡೆಸಿದವರೂ ಕೊಂಡವರೂ ಹೆಚ್ಚಿನ ಕಡೆ ಒಂದೇ ಗುಂಪಿನವರು.

ಸಿಬ್‌ನೆಫ್ಟ್ ಎಂಬ ತೈಲ ಕಂಪನಿಯನ್ನೇ ನೋಡಿ. ಅದರ ಅರ್ಧದಷ್ಟು ಪಾಲು ಸುಮಾರು 10 ಕೋಟಿ ಡಾಲರಿಗೆ ಬೆರೆಜೊವ್‌ಸ್ಕಿ ಮತ್ತು ಅಬ್ರಮೊವಿಚ್ ಎಂಬ ಉದ್ಯಮಿಗಳ ಕಡೆಗೆ ಹೋಯಿತು. ಹತ್ತು ವರ್ಷದ ನಂತರ, 2005ರಲ್ಲಿ, ಅದೇ ಕಂಪನಿಯ ಮುಕ್ಕಾಲಿಗೆ ಹತ್ತಿರದ ಪಾಲನ್ನು ಸರ್ಕಾರದ ಹಿಡಿತದ ಗ್ಯಾಜ್‌ಪ್ರೋಮ್ ಸುಮಾರು 1,300 ಕೋಟಿ ಡಾಲರ್ ಕೊಟ್ಟು ವಾಪಸ್ ಕೊಂಡಿತು. ಆ ವ್ಯತ್ಯಾಸದ ಹಣವೆಲ್ಲ ಒಂದು ಕಾಲಕ್ಕೆ ಜನರ ಆಸ್ತಿಯಾಗಿತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಇಲ್ಲಿಗೇ ನಿಂತಿದ್ದರೆ ಅದನ್ನು ಲೂಟಿ ಅನ್ನಬಹುದಿತ್ತು. ಅದು ಒಲಿಗಾರ್ಕಿ ಆದದ್ದು 1996ರಲ್ಲಿ. ಅಧ್ಯಕ್ಷ ಯೆಲ್ಟ್ಸಿನ್ ಜನಪ್ರಿಯತೆ ನೆಲ ಕಚ್ಚಿತ್ತು. ಈ ಬ್ಯಾಂಕರುಗಳು, ಉದ್ಯಮಿಗಳು ಒಂದಾಗಿ ಅವರ ಬೆನ್ನಿಗೆ ನಿಂತರು. ದುಡ್ಡು ಸುರಿದರು, ತಮ್ಮ ಹಿಡಿತದಲ್ಲಿದ್ದ ಟಿವಿ ವಾಹಿನಿಗಳನ್ನು ಪ್ರಚಾರಕ್ಕೆ ಇಳಿಸಿದರು. ಯೆಲ್ಟ್ಸಿನ್ ಗೆದ್ದರು. ಅದೇ ವರ್ಷ ಪೊಟಾನಿನ್ ಉಪಪ್ರಧಾನಿಯಾದ, ಬೆರೆಜೊವ್‌ಸ್ಕಿಗೆ ರಾಷ್ಟ್ರೀಯ ಭದ್ರತಾ ಮಂಡಳಿಯಲ್ಲಿ ಹುದ್ದೆ ಸಿಕ್ಕಿತು. ಅಧಿಕಾರದಿಂದ ದುಡ್ಡು, ದುಡ್ಡಿನಿಂದ ಅಧಿಕಾರ. ಈ ಚಕ್ರ ತಿರುಗಿಸುವವನೇ ಒಲಿಗಾರ್ಕ್. ಸುಮ್ನೆ ಅಂಗಡಿ, ಕಾರ್ಖಾನೆ ನಡೆಸಿ ತೆರಿಗೆ ಕಟ್ಟುವ ಶ್ರೀಮಂತನಿಗೆ ಈ ಹೆಸರು ಹೊಂದುವುದಿಲ್ಲ.

ಆಮೇಲೆ ಪುಟಿನ್ ಬಂದರು. ರಾಜಕೀಯದಲ್ಲಿ ತಲೆ ಹಾಕಿದ ಯೂಕೋಸ್ ತೈಲ ಕಂಪನಿಯ ಒಡೆಯ ಖೊದೊರ್ಕೊವ್‌ಸ್ಕಿ 2003ರಲ್ಲಿ ಜೈಲು ಸೇರಿದರು, ಹತ್ತು ವರ್ಷ ಹೊರಗೆ ಬರಲಿಲ್ಲ. ಹಾಗಾಗಿ ಇವತ್ತಿನ ರಷ್ಯಾದ ಕುಬೇರರನ್ನು ಒಲಿಗಾರ್ಕ್ ಅನ್ನುವುದು ಹಳೆಯ ರೂಢಿ. ಅವರ ಹತ್ತಿರ ದುಡ್ಡಿದೆ, ಲಗಾಮು ಮಾತ್ರ ಕ್ರೆಮ್ಲಿನ್ ಕೈಯಲ್ಲಿದೆ.

ಭಾರತದಲ್ಲಿ ಪಕ್ಷಗಳಿಗೆ ಬರುವ ದೇಣಿಗೆಯ ಮಾತು ಬಂದಾಗಲೂ ಈ ಪದ ಕಿವಿಗೆ ಬೀಳುತ್ತದೆ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್‌ನಲ್ಲಿ ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಎಂಬುದು ಮತದಾರರಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ದೇಣಿಗೆಗೆ ಪ್ರತಿಯಾಗಿ ಸರ್ಕಾರದಿಂದ ಲಾಭ ಪಡೆಯುವ ಸಾಧ್ಯತೆ ಇದೆ, ಅದನ್ನು ತೂಗಿ ನೋಡಲು ಮತದಾರನಿಗೆ ಮಾಹಿತಿ ಬೇಕು ಎಂದಿತು ತೀರ್ಪು. ‘ಒಲಿಗಾರ್ಕಿ’ ಪದವನ್ನು ಬಳಸುವ ಮುನ್ನ ನಾವು ಕೇಳಬೇಕಾದ್ದೂ ಇದನ್ನೇ: ಕೊಟ್ಟವರು ಯಾರು, ಆಮೇಲೆ ಅವರಿಗೆ ಸಿಕ್ಕಿದ್ದೇನು?